ತೀರ್ಮಾನಕ್ಕೆ ಮೊದಲು ಕೇಳುವವರು ಯಾರು?

ಲೆಕ್ಕಪರಿಶೋಧಕನ ಕೈಗೆ ಬರುವುದೆಲ್ಲ ಆಗಿ ಹೋದ ವ್ಯವಹಾರ. ಯಂತ್ರ ಕೊಂಡಾಗಿರುತ್ತದೆ, ಅಂಗಡಿಗೆ ಮುಂಗಡ ಕೊಟ್ಟಾಗಿರುತ್ತದೆ, ಸಾಲದ ಕಂತು ಶುರುವಾಗಿರುತ್ತದೆ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ಹಿಡಿದುಕೊಂಡು ಗ್ರಾಹಕರು ಮಂಗಳೂರಿನ ನನ್ನ ಕಚೇರಿಗೆ ಬರುವುದು ಆಮೇಲೆ. ತೆರಿಗೆ ಎಷ್ಟು, ಸವಕಳಿ ಎಷ್ಟು ಎಂದು ನಾನು ಹೇಳಬಲ್ಲೆ. ಆ ಯಂತ್ರ ಬೇಕಿತ್ತೇ ಎಂದು ಆಗ ಕೇಳಿ ಏನು ಪ್ರಯೋಜನ? ಒಬ್ಬರೇ ನಡೆಸುವ ಉದ್ಯಮಗಳಲ್ಲಿ ಈ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳುವವರೇ ಇರುವುದಿಲ್ಲ. ಸಣ್ಣ ಉದ್ಯಮಿಗೆ ಮಾರ್ಗದರ್ಶಕರು ಬೇಕು ಎಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ಸಲಹೆ ಕೊಡುವವರಿಗೇನೂ ಬರವಿಲ್ಲ. ಆದರೆ ಒಬ್ಬೊಬ್ಬರಿಗೂ ಅವರದೇ ಲೆಕ್ಕಾಚಾರ. ಡೀಲರ್‌ಗೆ ಯಂತ್ರ ಹೋಗಬೇಕು, ಬ್ಯಾಂಕಿನವರಿಗೆ ಸಾಲದ ಗುರಿ ಮುಟ್ಟಬೇಕು, ಮನೆಯವರಿಗೆ ತಲೆನೋವು ಬೇಡ, ನನ್ನಂಥವರಿಗೆ ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಕೆಯಾದರೆ ಸಾಕು. ನಿಮ್ಮ ತೀರ್ಮಾನದಿಂದ ಒಂದು ರೂಪಾಯಿಯೂ ಸಿಗದ, ಆದರೆ ಅದೇ ಬಗೆಯ ವ್ಯಾಪಾರದಲ್ಲಿ ತಲೆ ನರೆತ ಒಬ್ಬರು ಎದುರು ಕುಳಿತರೆ ಮಾತಿನ ದಿಕ್ಕೇ ಬೇರೆಯಾಗುತ್ತದೆ.

ಉಡುಪಿ ಸಮೀಪದ ಒಬ್ಬ ಮಹಿಳೆಯ ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ. ಅವರದು ಪುನರ್ಪುಳಿ (ಕೋಕಂ) ಶರಬತ್ತಿನ ಉದ್ಯಮ. ಸ್ವತಃ ಅವರು, ಸಹಾಯಕ್ಕೆ ಒಬ್ಬ ಹುಡುಗಿ. ಬಾಟಲಿಗೆ ಹಣ್ಣು, ಸಕ್ಕರೆ, ಗ್ಯಾಸು, ಲೇಬಲ್ಲು, ಸಾಗಾಟ, ಹುಡುಗಿಯ ಕೂಲಿ ಎಲ್ಲ ಸೇರಿ 91 ರೂಪಾಯಿ ಖರ್ಚು. ಅಂಗಡಿಗೆ ಕೊಡುವುದು 115ಕ್ಕೆ. ಬಾಟಲಿಗೆ 24 ರೂಪಾಯಿ ಉಳಿಯುತ್ತದೆ, ಯಂತ್ರ ಹಾಕಿ ಹೆಚ್ಚು ತುಂಬಿಸಿದರೆ ಲಾಭವೂ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರ ಸರಕಾರದ ಮುದ್ರಾ ಯೋಜನೆಯ ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಅರ್ಜಿಗೆ ಬೇಕಾದ ಕಾಗದಪತ್ರ ಮಾಡಿಸಲು ನನ್ನಲ್ಲಿಗೆ ಬಂದಿದ್ದರು. ಬಂದರಿನಲ್ಲಿ ಬಹುಕಾಲ ಸಗಟು ದಿನಸಿ ವ್ಯಾಪಾರ ಮಾಡಿ ಮಗನಿಗೆ ಅಂಗಡಿ ಬಿಟ್ಟುಕೊಟ್ಟ ಹಿರಿಯರೊಬ್ಬರು ನನಗೆ ಪರಿಚಯ. ಅರ್ಜಿ ಹಾಕುವ ಮೊದಲು ಅವರೊಡನೆ ಒಮ್ಮೆ ಮಾತನಾಡಿ ಎಂದು ಕೂರಿಸಿದೆ.

ಅವರು ಯಂತ್ರದ ವಿಷಯವನ್ನೇ ಎತ್ತಲಿಲ್ಲ. "ನೂರು ಬಾಟಲಿ ಕೊಟ್ಟರೆ ವಾಪಸು ಎಷ್ಟು ಬರುತ್ತದೆ?" ಎಂದರು.

"ಹತ್ತು ಬರಬಹುದು ಮಾಮ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ."

"ಅದನ್ನು ಏನು ಮಾಡುತ್ತೀ?"

"ಚೆಲ್ಲುತ್ತೇನೆ."

"ನೂರು ಬಾಟಲಿ ಮಾಡಲು ಎಷ್ಟು ದಿನ?"

"ಎರಡು ದಿನ."

"ಆ ಹುಡುಗಿಯ ಕೂಲಿ ಬರೆದಿದ್ದೀ, ಸರಿ. ನಿನ್ನದು ಎಲ್ಲಿದೆ ಮಾರಾಯ್ತಿ?"

ಮುಂದಿನದನ್ನು ಕ್ಯಾಲ್ಕುಲೇಟರ್ ಹೇಳಿತು. ನೂರು ಬಾಟಲಿಗೆ ಉಳಿಯುವುದು 2,400. ಹತ್ತು ಬಾಟಲಿಯ ಬಿಲ್ಲು ವಜಾ, ಅಂದರೆ 1,150 ಕಳೆಯಿತು. ಉಳಿದ 1,250ರಲ್ಲಿ ಅವರ ಎರಡು ದಿನದ ದುಡಿಮೆಗೆ ದಿನಕ್ಕೆ ಬರೀ 500 ಹಾಕಿದರೂ ಕೊನೆಗೆ ನಿಲ್ಲುವುದು 250 ರೂಪಾಯಿ. ಆ 250 ಕೂಡ ಎರಡು ತಿಂಗಳ ಉದ್ದರಿಯಲ್ಲಿ ಸಿಕ್ಕಿಕೊಂಡಿದೆ. ಯಂತ್ರ ಬಂದರೆ ಹೆಚ್ಚು ಬಾಟಲಿ ತುಂಬುತ್ತಿತ್ತು, ಹೆಚ್ಚು ಬಾಟಲಿ ವಾಪಸು ಬರುತ್ತಿತ್ತು, ಮೇಲೊಂದು ಕಂತು.

ಈ ಅಂಕಿಗಳೆಲ್ಲ ನನ್ನ ಕಡತದಲ್ಲೂ ಇದ್ದವು. ಆದರೆ ಮಾಲಕರ ದುಡಿಮೆಗೆ ತೆರಿಗೆಯ ಲೆಕ್ಕದಲ್ಲಿ ಸಂಬಳದ ಕಾಲಮೇ ಇಲ್ಲ. ಏಕಮಾಲಕತ್ವದ ವ್ಯವಹಾರದಲ್ಲಿ ಉಳಿದದ್ದೆಲ್ಲ ಲಾಭ. ವಾಪಸು ಬಂದದ್ದು ಮಾರಾಟದಲ್ಲಿ ಕಳೆದುಹೋಗಿ ಒಂದೇ ಮೊತ್ತವಾಗಿ ಕಾಣುತ್ತದೆ. ಹಿರಿಯರಿಗೆ ಅದು ಗೊತ್ತಿದ್ದದ್ದು ವಾಪಸು ಬಂದ ಮಾಲಿನ ವಾಸನೆ ಕುಡಿದು ಬೆಳೆದವರಾದ್ದರಿಂದ. ಹೋಟೆಲು, ಜ್ಯೂಸ್ ಅಂಗಡಿಗಳಿಗೆ ಐದು ಲೀಟರಿನ ಕ್ಯಾನಿನಲ್ಲಿ ನಗದಿಗೆ ಕೊಟ್ಟು ನೋಡು, ಯಂತ್ರ ಆಮೇಲೆ ನೋಡೋಣ ಎಂದರು. ಸಾಲದ ಅರ್ಜಿ ಅಲ್ಲಿಗೆ ನಿಂತಿತು.

ಉದ್ದರಿಯ ವಿಷಯದಲ್ಲಿ ಕಾನೂನು ನನಗೆ ಗೊತ್ತು. ಸರಕಾರದ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಹಣ ಬರಬೇಕು. ತಪ್ಪಿದರೆ ಖರೀದಿದಾರ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ ಕೊಡಬೇಕು. (ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರ ಎರಡು ಸಾವಿರ ಕೊಟ್ಟು ಬಂದವರನ್ನು ಕಂಡರೆ ಇಂದಿಗೂ ಸಿಟ್ಟು ಬರುತ್ತದೆ.) ನೋಟಿಸ್ ಬರೆದುಕೊಡುವುದು ನನಗೆ ಅರ್ಧ ಗಂಟೆಯ ಕೆಲಸ. ಆದರೆ ಯಾವ ಅಂಗಡಿಗೆ ನೋಟಿಸ್ ಕೊಡಬೇಕು, ಯಾರ ಬಳಿ ಸಂಜೆ ಹೋಗಿ ಕೂತು ಕೇಳಿದರೆ ಚೆಕ್ ಬರುತ್ತದೆ, ಯಾವ ಬಾಕಿಯನ್ನು ಹೋಗಲಿ ಎಂದು ಬಿಟ್ಟು ಮಾಲು ನಿಲ್ಲಿಸಬೇಕು ಎಂಬುದನ್ನು ಕಾಯ್ದೆಯ ಪುಸ್ತಕದಲ್ಲಿ ಬರೆದಿಲ್ಲ.

ಕರಾವಳಿಯಲ್ಲಿ ಈ ಪಾತ್ರ ಹಿಂದೆ ತಾನಾಗಿಯೇ ನಡೆಯುತ್ತಿತ್ತು ಎಂದು ನನ್ನ ಅನಿಸಿಕೆ. ಹೋಟೆಲಿಗೆ ಸೇರಿದ ಹುಡುಗ ಲೋಟ ತೊಳೆದು, ಸಪ್ಲೈಗೆ ನಿಂತು, ಕೊನೆಗೆ ಗಲ್ಲೆಯಲ್ಲಿ ಕೂರುವ ಹೊತ್ತಿಗೆ ಧನಿಗಳ ಕಣ್ಣೆದುರಲ್ಲೇ ವ್ಯಾಪಾರ ಕಲಿತಿರುತ್ತಿದ್ದ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಏಜೆಂಟರು ದಿನಕ್ಕೆ ಎರಡಾಣೆ ಕೂಡ ಮನೆ, ಅಂಗಡಿಯ ಬಾಗಿಲಿಗೇ ಹೋಗಿ ಪಡೆಯುತ್ತಿದ್ದರು. ದಿನವೂ ಬರುವ ಆ ಮನುಷ್ಯನಿಗೆ ಯಾರ ವ್ಯಾಪಾರ ಇಳಿಯುತ್ತಿದೆ ಎಂದು ಮಾಲಕನ ಹೆಂಡತಿಗಿಂತ ಮೊದಲೇ ತಿಳಿಯುತ್ತಿದ್ದಿರಬೇಕು! ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಸೇರಿದವು. ಮ್ಯಾನೇಜರರ ವರ್ಗಾವಣೆ ಹಿಂದೆಯೂ ಇತ್ತು, ನಿಜ. ಆದರೆ ಈಗ ಸಾಲದ ತೀರ್ಮಾನ ಶಾಖೆಯ ಮೇಜಿನಿಂದ ಕಂಪ್ಯೂಟರಿನ ಅಂಕಕ್ಕೆ ಹೋಗಿದೆ. ಮ್ಯಾನೇಜರ್ ನಿಮ್ಮ ಅಂಗಡಿಗೆ ಬಂದು ಚಹಾ ಕುಡಿಯುವ ಕಾಲ ಮುಗಿದಿದೆ.

ಇಲ್ಲಿನ ಋತುಮಾನ ತಿಳಿದವರೇ ಬೇಕು ಎಂಬುದಕ್ಕೆ ಇನ್ನೊಂದು ಪ್ರಕರಣ. ಸುರತ್ಕಲ್ ಕಡೆಯ ಒಬ್ಬ ಯುವಕ, ಶಾಮಿಯಾನ ಮತ್ತು ಧ್ವನಿವರ್ಧಕದ ಕೆಲಸ. ಏಪ್ರಿಲ್‌ನಲ್ಲಿ ಬಿಡುವಿಲ್ಲದ ದುಡಿಮೆ ನೋಡಿ ದೊಡ್ಡ ಜನರೇಟರ್ ಸಾಲದಲ್ಲಿ ತೆಗೆಯಲು ಹೊರಟಿದ್ದ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ದಾಟಿದರೆ ಭೂತಕೋಲ, ಯಕ್ಷಗಾನ ಮೇಳ ನಿಲ್ಲುತ್ತವೆ; ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಗಳಿಲ್ಲ. ಚೌತಿ, ದಸರಾಕ್ಕೆ ಸ್ವಲ್ಪ ಕೆಲಸ, ಗಟ್ಟಿ ಸಂಪಾದನೆ ಮತ್ತೆ ದೀಪಾವಳಿ ಕಳೆದ ಮೇಲೆ. ಅದೇ ಕಸುಬಿನ ಹಿರಿಯರೊಬ್ಬರು "ಈ ವರ್ಷ ಬಾಡಿಗೆಗೆ ತೆಗೆದುಕೋ, ನವೆಂಬರಿನಲ್ಲಿ ಕೊಂಡುಕೋ" ಎಂದರು, ಅಷ್ಟೇ. ಬೆಂಗಳೂರಿನ ಸಲಹೆಗಾರನ ಎಕ್ಸೆಲ್ ಹಾಳೆಯಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳೂ ಒಂದೇ ಸಮ.

ಹಾಗಾದರೆ ಅಂಥವರನ್ನು ಎಲ್ಲಿ ಹುಡುಕುವುದು? ನಿಮ್ಮ ಬೀದಿಯಲ್ಲಂತೂ ಬೇಡ, ಅವರು ನಿಮ್ಮ ಪ್ರತಿಸ್ಪರ್ಧಿ. ಮಂಗಳೂರಿನ ಬೇಕರಿಯವರಿಗೆ ಕುಂದಾಪುರದ ಬೇಕರಿಯ ಹಿರಿಯರು ಸರಿ. ನೆಂಟರೂ ಬೇಡ, ಅಂಗಡಿಯ ಮಾತು ಮದುವೆ ಮನೆಗೆ ಹೋಗುತ್ತದೆ. ಉಜಿರೆಯಲ್ಲಿ 1982ರಿಂದ ನಡೆಯುತ್ತಿರುವ ರುಡ್‌ಸೆಟ್ ಸಂಸ್ಥೆ, ಬ್ರಹ್ಮಾವರದ ಅದರ ಕೇಂದ್ರ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ, ತರಬೇತಿಯ ನಂತರ ಎರಡು ವರ್ಷ ಬೆನ್ನಿಗೆ ನಿಲ್ಲುತ್ತವೆ. ಪ್ರಮಾಣಪತ್ರ ಹಿಡಿದುಕೊಂಡು ಬಂದವರು ಆ ಎರಡು ವರ್ಷವನ್ನು ಮರೆತುಬಿಡುವುದೇ ಹೆಚ್ಚು, ಇದು ನನಗೆ ಅರ್ಥವಾಗದ ಸಂಗತಿ. 1992ರಲ್ಲಿ ಆರಂಭವಾದ ಭಾರತೀಯ ಯುವ ಶಕ್ತಿ ಟ್ರಸ್ಟ್ ಹೊಸ ಉದ್ಯಮಿಗೆ ಸಾಲದ ಜೊತೆಗೇ ಒಬ್ಬ ಮೆಂಟರನ್ನು ಗೊತ್ತುಮಾಡುತ್ತದೆ. ಅಮೆರಿಕದಲ್ಲಿ ನಿವೃತ್ತ ವ್ಯವಸ್ಥಾಪಕರು ಉಚಿತವಾಗಿ ಸಲಹೆ ಕೊಡುವ ಸ್ಕೋರ್ ಎಂಬ ವ್ಯವಸ್ಥೆ 1964ರಿಂದಲೇ ಇದೆ. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಘಟಕ ಮಕ್ಕಳ ಕೈಗೊಪ್ಪಿಸಿ ಮನೆಯಲ್ಲಿ ಪೇಪರ್ ಓದುತ್ತಾ ಕುಳಿತವರು ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದೇ ಅವರ ದೂರು.

ಹೋಟೆಲಿನ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿಸಿ ಮುಂದಿನ ಹಂತದ ಕೋರ್ಸಿಗೆ ಹಣ ಕಟ್ಟಿಸಿಕೊಳ್ಳುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪಾಲು, ಕಮಿಷನ್ ಕೇಳಿದ ಕೂಡಲೇ ಮಾರ್ಗದರ್ಶಕರು ವ್ಯಾಪಾರದ ಇನ್ನೊಂದು ಪಕ್ಷವಾಗುತ್ತಾರೆ. ನೀವೂ ಅವರಿಂದ ಸಾಲ ಕೇಳಬೇಡಿ, ಜಾಮೀನಿಗೆ ಸಹಿ ಹಾಕಿಸಬೇಡಿ. ಜಾಮೀನು ಹಾಕಿದವರು ಮುಂದೆ ತಮ್ಮ ಹಣ ಉಳಿಯುವ ಸಲಹೆಯನ್ನೇ ಕೊಡುತ್ತಾರೆ, ತಪ್ಪೂ ಅಲ್ಲ.

ಹಿರಿಯರ ಮಾತನ್ನೆಲ್ಲ ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಮೇಲೆ ಹೇಳಿದ ಬಂದರಿನ ಹಿರಿಯರು ವಾಟ್ಸಾಪಿನಲ್ಲಿ ಬರುವ ಆರ್ಡರು ಎರಡು ದಿನದ ಹುಚ್ಚು ಎಂದೇ ವಾದಿಸಿದರು. ಆ ಮಹಿಳೆ ಕೇಳಲಿಲ್ಲ. ಮುಂಬೈಯ ತುಳುವರ ಮನೆಗಳಿಗೆ ಕಳಿಸುವ ಬಾಟಲಿಗೆ ಮುಂಗಡವೇ ಹಣ ಬರುತ್ತದೆ, ವಾಪಸು ಒಂದೂ ಬರುವುದಿಲ್ಲ. ಹಿರಿಯರ ಉತ್ತರ ತಪ್ಪಾಗಿತ್ತು, ಆದರೆ "ಹಣ ಯಾವಾಗ ಬರುತ್ತದೆ, ಮಾಲು ಎಷ್ಟು ತಿರುಗಿ ಬರುತ್ತದೆ" ಎಂದು ಅವರು ಕಲಿಸಿದ್ದ ಪ್ರಶ್ನೆಯಿಂದಲೇ ಆಕೆ ಅದನ್ನು ಪರೀಕ್ಷಿಸಿದ್ದು.

ಮೊದಲ ಭೇಟಿಗೆ "ನನಗೆ ಮೆಂಟರ್ ಆಗುತ್ತೀರಾ" ಎಂದು ಕೇಳಿಕೊಂಡು ಹೋಗಬೇಡಿ, ಎದುರಿನವರು ಹೆದರುತ್ತಾರೆ. ಒಂದು ಪ್ರಶ್ನೆ, ಒಂದು ಹಾಳೆ ಸಾಕು. ಹಾಳೆಯಲ್ಲಿ ನಾಲ್ಕು ಅಂಕಿ ಇರಲಿ: ಕೈಯಲ್ಲಿರುವ ಹಣ, ಬರಬೇಕಾದದ್ದು, ಕೊಡಬೇಕಾದದ್ದು, ಮನೆಖರ್ಚಿಗೆ ತೆಗೆದದ್ದು. ನಾಲ್ಕನೆಯದನ್ನು ಬರೆಯುವಾಗ ಹೆಚ್ಚಿನವರ ಪೆನ್ನು ನಿಲ್ಲುತ್ತದೆ. ಅಂಗಡಿಯ ಕ್ಯೂಆರ್ ಕೋಡ್ ಸ್ವಂತ ಉಳಿತಾಯ ಖಾತೆಗೆ ಜೋಡಿಸಿದ್ದರೆ ಮಗಳ ಶಾಲೆಯ ಫೀಸು, ಸಕ್ಕರೆಯ ಬಿಲ್ಲು ಒಂದೇ ಪಾಸ್‌ಬುಕ್ಕಿನಲ್ಲಿ ಬೆರೆತಿರುತ್ತವೆ. ಮೊದಲು ಒಂದು ಚಾಲ್ತಿ ಖಾತೆ ತೆರೆದು ಕೋಡನ್ನು ಅದಕ್ಕೆ ಬದಲಿಸಿ, ಒಂದು ತಿಂಗಳು ಬಿಟ್ಟು ಹಾಳೆ ಬರೆಯಿರಿ. ಹೋಗುವುದಾದರೆ ಆಟಿಯಲ್ಲಿ ಹೋಗಿ. ನಿಮಗೂ ವ್ಯಾಪಾರ ಕಡಿಮೆ, ಅವರಿಗೂ ಮಳೆಗೆ ಹೊರಗೆ ಹೋಗಲಿಕ್ಕಿಲ್ಲ.