ಲಹೋಹ್‌ಗೆ ಹಿಟ್ಟು ಎಲ್ಲಿಂದ ಬರುತ್ತೆ?

ಲಹೋಹ್ ಅಂದರೆ ಸೊಮಾಲಿಯಾ ಮತ್ತು ಯೆಮನ್‌ನ ಜನ ತಿನ್ನುವ ಹುಳಿ ಹಿಟ್ಟಿನ ರೊಟ್ಟಿ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಸೊಮಾಲಿಯಾದ ಮೊಗದಿಶು ಮತ್ತು ಯೆಮನ್‌ನ ಸನಾದಲ್ಲಿ ಗೋಧಿ ಹಿಟ್ಟು ದುಬಾರಿಯಾಯಿತು. ಸೊಮಾಲಿಯಾ ತರಿಸಿಕೊಳ್ಳುತ್ತಿದ್ದ ಗೋಧಿಯಲ್ಲಿ ಶೇ 90ಕ್ಕೂ ಹೆಚ್ಚು ರಷ್ಯಾ, ಉಕ್ರೇನ್ ಎರಡೇ ದೇಶಗಳದ್ದು. ಮೇ ತಿಂಗಳಲ್ಲಿ ಭಾರತವೂ ಗೋಧಿ ರಫ್ತು ನಿಲ್ಲಿಸಿತು. ನಮ್ಮಿಂದ ಗೋಧಿ ಕೊಳ್ಳುತ್ತಿದ್ದವರಲ್ಲಿ ಯೆಮನ್ ಕೂಡ ಒಂದು. ಜೋಳ ಬೆಳೆಯುವ ನಾಡಿನ ರೊಟ್ಟಿ ಹೊರಗಿನ ಗೋಧಿಗೆ ಇಷ್ಟು ಜೋತುಬಿದ್ದದ್ದು ಹೇಗೆ?

ಲಹೋಹ್ ಮಾಡೋದು ಸರಳ. ಹಿಟ್ಟನ್ನು ನೀರಾಗಿ ಕಲಸಿ ರಾತ್ರಿ ಹುಳಿ ಬರಲು ಬಿಡುತ್ತಾರೆ. ಬೆಳಿಗ್ಗೆ ಕಾದ ಹಂಚಿನ ನಡುವೆ ಸುರಿದು, ಸುತ್ತಿ ಸುತ್ತಿ ಹರಡುತ್ತಾರೆ. ಮಗುಚುವುದಿಲ್ಲ. ಮೇಲೆಲ್ಲ ತೂತು ಬಿದ್ದು, ನೋಡಲು ಸೆಟ್ ದೋಸೆಯಂತಿರುತ್ತದೆ. ಸೊಮಾಲಿಗಳು ಬೆಳಗಿನ ತಿಂಡಿಗೆ ಎಳ್ಳೆಣ್ಣೆ, ಸಕ್ಕರೆ, ಚಹಾ ಜೊತೆ ತಿನ್ನುತ್ತಾರೆ. ದಕ್ಷಿಣ ಸೊಮಾಲಿಯಾದಲ್ಲಿ ಅದು ಅಂಜೇರೋ. ರಂಜಾನ್ ಬಂದರೆ ಯೆಮನ್‌ನಲ್ಲಿ ಮಸಾಲೆ ಮೊಸರಿನಲ್ಲಿ ನೆನೆಸಿ ಶಫೂತ್ ಮಾಡುತ್ತಾರೆ. ಸೊಮಾಲಿಯಾ ಮತ್ತು ಯೆಮನ್ ನಡುವಿನ ಏಡನ್ ಕೊಲ್ಲಿಯ ಯಾವ ದಡದಲ್ಲಿ ಇದು ಹುಟ್ಟಿತು ಅನ್ನೋ ಜಗಳ ಮುಗಿಯುವಂಥದ್ದಲ್ಲ, ಬಿಡಿ.

ಯೆಮನ್‌ನ ಬೆಟ್ಟಗಳಲ್ಲಿ ಶತಮಾನಗಳಿಂದ ಕಲ್ಲು ಕಟ್ಟಿದ ಮೆಟ್ಟಿಲು ಹೊಲಗಳಿದ್ದವು. ಅಲ್ಲಿನ ಮುಖ್ಯ ಬೆಳೆ ಜೋಳ. ಕಾಳು ಮನೆಗೆ, ದಂಟು ದನಕ್ಕೆ, ಉಳಿದದ್ದು ಒಲೆಗೆ. 1970ರ ದಶಕದಲ್ಲಿ ಸೌದಿಯ ಎಣ್ಣೆ ದುಡ್ಡು ಕರೆಯಿತು. ಊರೂರಿನ ಗಂಡಸರು ಗಡಿ ದಾಟಿದರು. ಮೆಟ್ಟಿಲು ಹೊಲಕ್ಕೆ ವರ್ಷವೂ ಕೈ ಬೇಕು. ಒಂದು ಗೋಡೆ ಕುಸಿದರೆ ಮಳೆನೀರು ಅಲ್ಲಿಂದ ನುಗ್ಗಿ ಕೆಳಗಿನ ಹೊಲದ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಟ್ಟುವವರೇ ಊರಲ್ಲಿರಲಿಲ್ಲ. ಆದರೆ ಅವರು ಕಳಿಸುವ ಹಣ ಬರುತ್ತಿತ್ತು, ಬಂದರಿಗೆ ಅಗ್ಗದ ಗೋಧಿಯೂ ಬರುತ್ತಿತ್ತು. ಆಮೇಲೆ ಸರ್ಕಾರ ಅದಕ್ಕೆ ಸಬ್ಸಿಡಿಯನ್ನೂ ಕೊಟ್ಟಿತು. ಬೀಸುವ ಕಷ್ಟವಿಲ್ಲದ ಬಿಳಿ ಹಿಟ್ಟನ್ನು ಹೆಂಗಸರು ಕೊಂಡರೆ ತಪ್ಪೇನು? ನೀರಿದ್ದ ಹೊಲಕ್ಕೆ ಖಾತ್ ಬಂತು. ಅಗಿಯುವ ಆ ಎಲೆಗೆ ಜೋಳಕ್ಕಿಂತ ಎಷ್ಟೋ ಜಾಸ್ತಿ ದುಡ್ಡು. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿ ಕೊಲ್ಲಿ ಬಿಕ್ಕಟ್ಟು ಬಂದು ಲಕ್ಷಾಂತರ ಕೆಲಸಗಾರರು ಸೌದಿಯಿಂದ ವಾಪಸಾದರು. ಅಷ್ಟರಲ್ಲಿ ಎಷ್ಟೋ ಗೋಡೆ ಬಿದ್ದಿದ್ದವು. ಈಗ ಯೆಮನ್ ತಿನ್ನುವ ಗೋಧಿಯಲ್ಲಿ ಸುಮಾರು ಶೇ 90ರಷ್ಟು ಹೊರಗಿನದು. ಇಷ್ಟು ವರ್ಷ ಹೊಲದ ಗೋಡೆಗಿಂತ ಬಂದರಿನ ಹಡಗೇ ಎಲ್ಲರ ಕಣ್ಣಿಗೆ ಬಿದ್ದದ್ದು.

ಸೊಮಾಲಿಯಾದಲ್ಲಿ 1991ರಲ್ಲಿ ಸರ್ಕಾರ ಕುಸಿಯಿತು, 1992ರಲ್ಲಿ ಬರಗಾಲ, ಆಮೇಲೆ ಮುಗಿಯದ ಕದನ. ಜೋಳದ ಸೀಮೆಯಾದ ಬೈದೋವಾ ಸುತ್ತಲೇ ಜನ ಹೆಚ್ಚು ಸತ್ತರು. ನೆರವಿನ ಧಾನ್ಯ ಜೀವ ಉಳಿಸಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಪಕ್ಕದಲ್ಲೇ ಬಿಟ್ಟಿ ಮೂಟೆ ಇಳಿಯುವಾಗ ಜೋಳ ಬೆಳೆದವನಿಗೆ ಒಳ್ಳೆ ಬೆಲೆ ಸಿಗೋದು ಕಷ್ಟ ಅಲ್ವಾ?

ಹಾಗಾದರೆ 2022ರಲ್ಲಿ ಸುಮ್ನೆ ಜೋಳಕ್ಕೆ ಮರಳಬಹುದಿತ್ತಲ್ಲ ಅನ್ನಿಸಬಹುದು. ಆಗ ಸೊಮಾಲಿಯಾದಲ್ಲಿ ಮಳೆಯೇ ಇರಲಿಲ್ಲ. 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟವು. ಗೋಧಿ ದುಬಾರಿಯಾದ ವರ್ಷವೇ ಜೋಳದ ಹೊಲವೂ ಒಣಗಿ ನಿಂತಿತ್ತು.