ಸ್ಕ್ಯಾನ್ ನಾರ್ಮಲ್, ತಲೆನೋವು ಹಾಗೇ

‘ಸ್ಕ್ಯಾನ್ ನಾರ್ಮಲ್ ಇದೆ, ಏನೂ ಇಲ್ಲ ಬಿಡಿ.’ ಮೈಗ್ರೇನ್ ಇರುವವರಿಗೆ ಇಷ್ಟು ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ. ಸ್ಕ್ಯಾನಿನಲ್ಲಿ ಕಾಣುವುದು ಮಿದುಳಿನ ಆಕಾರ. ಮೈಗ್ರೇನ್ ಇರುವುದು ಅದರ ನಡವಳಿಕೆಯಲ್ಲಿ. ಮನೆಯ ಫೋಟೊ ನೋಡಿ ಒಳಗಿನ ಜಗಳ ಗೊತ್ತಾದೀತೆ?

ಆ ನಡವಳಿಕೆಗೆ ಅಳತೆಗೋಲು ಹಿಡಿದ ಕತೆ ನನಗೆ ಬಲು ಇಷ್ಟ. ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಅವರಿಗೆ ಸ್ವತಃ ಮೈಗ್ರೇನ್ ಇತ್ತು. ಕಣ್ಣ ಮುಂದೆ ಅಂಕುಡೊಂಕಾದ ಮಿನುಗುಗೆರೆ ಹುಟ್ಟಿ ಹರಡುತ್ತಿತ್ತು, ಅದರ ಹಿಂದೆಯೇ ಏನೂ ಕಾಣದ ಖಾಲಿ ಜಾಗ. ಅದು ಸರಿಯುವುದನ್ನು ಆಗಾಗ ಕಾಗದದ ಮೇಲೆ ಗುರುತಿಸಿಕೊಂಡು, 1941ರಲ್ಲಿ ಅವರು ಲೆಕ್ಕ ಹೇಳಿದರು: ಮಿದುಳಿನ ದೃಷ್ಟಿಭಾಗದ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ತೆವಳುತ್ತಿದೆ! 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾವ್ ಮೊಲದ ಮಿದುಳಿನಲ್ಲಿ ಅಂಥದ್ದೇ ನಿಧಾನದ ಅಲೆಯನ್ನು ಕಂಡರು. ಒಣಹುಲ್ಲಿಗೆ ಹತ್ತಿದ ಬೆಂಕಿಯಂತೆ ಅಂಚಿನಲ್ಲಿ ಉರಿ, ಹಿಂದೆ ಕಪ್ಪು. ಅಂಚಿನ ನರಕೋಶಗಳು ಕೆರಳಿದಾಗ ಮಿನುಗು, ಬಳಿಕ ಅವು ಸುಸ್ತಾಗಿ ಸುಮ್ಮನಾದಾಗ ಕುರುಡು. ಆದರೆ ಇಲ್ಲಿ ಸುಟ್ಟುಹೋಗುವುದೇನಿಲ್ಲ. ಹಾಗಾಗಿ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಸಾಲಾಗಿ ಎದ್ದು ಕೂರುತ್ತಾ ಎಬ್ಬಿಸುವ ಅಲೆಯ ಹೋಲಿಕೆಯೇ ವಾಸಿ: ಒಮ್ಮೆ ಎದ್ದು ಕೂತವರು ಸ್ವಲ್ಪ ಹೊತ್ತು ಏಳಲಾರರು, ಆಮೇಲೆ ಎಂದಿನಂತೆ. ಬಹುಪಾಲು ರೋಗಿಗಳಿಗೆ ಈ ಮಿನುಗು ಕಾಣುವುದೇ ಇಲ್ಲ ಎನ್ನುವುದು ಬೇರೆ ಮಾತು.

ತಲೆನೋವಿಗೆಂದೇ ಮೀಸಲಾದ ಮೊದಲ ಕ್ಲಿನಿಕ್ ಎಂದು ಹೆಸರಾದದ್ದು ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯಲ್ಲಿ 1945ರಲ್ಲಿ ಶುರುವಾಯಿತು. ಎಂಬತ್ತು ವರ್ಷ ಕಳೆದರೂ ಇಂಥ ಕ್ಲಿನಿಕ್‌ಗಳಿಗೆ ಯಾರನ್ನು ಕಳಿಸಬೇಕೆಂಬ ಗೊಂದಲ ಉಳಿದೇ ಇದೆ. ಎಲ್ಲರನ್ನೂ ಕಳಿಸಬೇಕಿಲ್ಲ, ಹೆಚ್ಚಿನ ಮೈಗ್ರೇನನ್ನು ಕುಟುಂಬ ವೈದ್ಯರೇ ನಿಭಾಯಿಸಬಲ್ಲರು. ‘ನೋವು ಎಷ್ಟು ಜೋರು?’ ಎಂಬ ಪ್ರಶ್ನೆಯಿಂದಲೂ ಇದು ತೀರ್ಮಾನವಾಗುವುದಿಲ್ಲ. ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ ಎಂದು ಕೇಳಬೇಕು. ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣಗಳಿದ್ದರೆ ಅದು ದೀರ್ಘಕಾಲಿಕ ಮೈಗ್ರೇನ್. ನನ್ನ ಮಟ್ಟಿಗೆ ಅಲ್ಲಿಗೆ ಕಾಯುವ ಕಾಲ ಮುಗಿಯಿತು. ತಡೆಗಟ್ಟುವ ಔಷಧಗಳು ಒಂದಾದ ಮೇಲೊಂದು ಸೋತಿದ್ದರೂ ಕಳಿಸಬೇಕು, ರೋಗ ಯಾವುದೆಂದೇ ಅನುಮಾನವಿದ್ದರೂ ಕಳಿಸಬೇಕು.

ಮಾತ್ರೆಯ ಲೆಕ್ಕ ಯಾಕೆಂದರೆ, ನೋವಿನ ಮಾತ್ರೆಯೇ ತಲೆನೋವು ತರಬಲ್ಲದು. ಪ್ಯಾರಾಸಿಟಮಾಲ್‌ನಂಥವು ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಗಳು 10 ದಿನ ಮುಟ್ಟಿ, ತಿಂಗಳುಗಟ್ಟಲೆ ಹಾಗೇ ನಡೆದರೆ ಅಪಾಯ. ಸಾಲ ತೀರಿಸಲು ಸಾಲ ಮಾಡಿದಂತೆ: ಇವತ್ತಿನ ಕಂತು ಕಟ್ಟಿದ ನೆಮ್ಮದಿ, ನಾಳೆಗೆ ದೊಡ್ಡ ಬಾಕಿ. ಬಿಟ್ಟ ಮೊದಲ ದಿನಗಳಲ್ಲಿ ನೋವು ಇನ್ನೂ ಕೆರಳುವುದರಿಂದ ಒಂಟಿಯಾಗಿ ಬಿಡಲು ಹೊರಟವರು ಮತ್ತೆ ಮಾತ್ರೆಗೇ ಕೈಚಾಚುತ್ತಾರೆ. ವಿಶೇಷ ಕ್ಲಿನಿಕ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲೇ. 2018ರಿಂದ ಬಳಕೆಗೆ ಬಂದ, ಸಿಜಿಆರ್‌ಪಿ ಎಂಬ ನೋವುವಾಹಕವನ್ನು ತಡೆಯುವ ಚುಚ್ಚುಮದ್ದುಗಳು ಅಲ್ಲಿ ಇರಬಹುದು, ಆದರೆ ಈ ಸಾಲದ ಸುಳಿಯಿಂದ ಕೈಹಿಡಿದು ಎತ್ತುವವರೂ ಅಲ್ಲಿದ್ದಾರೆ.

ಸಿಡಿಲು ಬಡಿದಂತೆ ಕ್ಷಣದಲ್ಲಿ ತಾರಕಕ್ಕೇರುವ ತಲೆನೋವಿಗಾಗಲೀ, ಜ್ವರದ ಜೊತೆ ಕುತ್ತಿಗೆ ಸೆಟೆದಾಗಾಗಲೀ ಕ್ಲಿನಿಕ್‌ನ ಅಪಾಯಿಂಟ್‌ಮೆಂಟ್ ಕಾಯಬಾರದು, ಆಗ ಹೋಗಬೇಕಾದದ್ದು ತುರ್ತು ಚಿಕಿತ್ಸಾ ಘಟಕಕ್ಕೆ. ಉಳಿದವರು ಹೋಗುವಾಗ ಸ್ಕ್ಯಾನಿನ ದಪ್ಪ ಕಡತದ ಜೊತೆ ಕ್ಯಾಲೆಂಡರಿನ ಮೂರು ಹಾಳೆ ಒಯ್ಯಲಿ: ನೋವಿದ್ದ ದಿನಕ್ಕೆ ಒಂದು ಗೀಟು, ಮಾತ್ರೆ ನುಂಗಿದ ದಿನಕ್ಕೆ ಒಂದು ಸೊನ್ನೆ.