ಗೋಡೆ ಇದೆ, ಹಂಚು ಇದೆ, ಅಂದ್ಮೇಲೆ ಅಟ್ಟದ ರೂಮು ಅರ್ಧ ಖರ್ಚಿಗೆ ಆಗಲ್ವಾ?

ಪ್ರಶ್ನೆ: “ಸರ್, ಬೆಳಗಾವಿ ಶಹಾಪುರದಾಗ ನಮ್ಮ ಹಳೇ ಹಂಚಿನ ಮನಿ ಐತಿ. ಅಟ್ಟದ ಮ್ಯಾಲ ಒಂದ್ ರೂಮ್ ಮಾಡಿಸಿ, ಮುಂದ ಹಂಚಿನ ಇಳಿಜಾರಿನ್ಯಾಗ ನೆಟ್ಟಗ ನಿಲ್ಲೂ ಡಾರ್ಮರ್ ಕಿಡಕಿ ಕೂಡಿಸಬೇಕಂತೀವಿ. ಗೋಡಿ ಐತಿ, ಮ್ಯಾಲ ಹಂಚ ಐತಿ. ಸ್ಕ್ವೇರ್ ಫೂಟಿಗೆ ಎಷ್ಟ ಬೀಳತೈತಿ?”

ಇದೇ ಪ್ರಶ್ನೆ ಟಿಳಕವಾಡಿಯಿಂದ ಬರುತ್ತದೆ, ಖಾನಾಪುರದಿಂದ ಬರುತ್ತದೆ, ಕ್ಯಾಂಪಿನಿಂದಲೂ (ಬೆಳಗಾವಿಯ ದಂಡು ಪ್ರದೇಶ) ಬರುತ್ತದೆ. ಊರು, ಓಣಿ ಬದಲಾಗುತ್ತವೆ. ‘ಗೋಡೆ ಇದೆ, ಹಂಚು ಇದೆ’ ಅನ್ನುವ ಮಾತು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ ಮೊದಲು. ಅಟ್ಟದ ಕೆಲಸಕ್ಕೆ ಚದರಡಿ ರೇಟು ಅಂತ ಇಲ್ಲ. ಮೇಲೆ ಹತ್ತಿ ನೋಡದೆ ಫೋನಿನಲ್ಲೇ ಯಾರಾದರೂ ರೇಟು ಹೇಳಿದ್ದರೆ, ಅವರು ನಿಮ್ಮ ಮನೆಯ ರೇಟು ಹೇಳಿಲ್ಲ.

ಈಗ ಆ ‘ಅರ್ಧ ಖರ್ಚು’ ಲೆಕ್ಕಕ್ಕೆ ಬರೋಣ. ಹೊಸ ಮನೆಗೆ ಚದರಡಿಗೆ 2000 ರೂಪಾಯಿ ಅಂತ ಒಬ್ಬ ಗುತ್ತಿಗೆದಾರ ಹೇಳಿದ ಎಂದಿಟ್ಟುಕೊಳ್ಳಿ. ಗೋಡೆ, ಛಾವಣಿ ಹೇಗೂ ಇವೆ, ಹಾಗಾದರೆ 1000 ಸಾಕು ಅಂತ ನೀವು ಅಂದುಕೊಳ್ಳುತ್ತೀರಿ. ಮನೆ 24 ಅಡಿ ಅಗಲ, 30 ಅಡಿ ಉದ್ದ. ಒಟ್ಟು 720 ಚದರಡಿ. 7 ಲಕ್ಷ 20 ಸಾವಿರಕ್ಕೆ ಇಡೀ ಒಂದು ಮಹಡಿ ಸಿಕ್ಕಿತು! ಕೇಳೋಕೆ ಚೆನ್ನಾಗಿದೆ, ಅಲ್ವಾ?

ಟೇಪು ಹಿಡಿದು ಮೇಲೆ ಹೋಗಿ. ಹಂಚಿನ ಇಳಿಜಾರು 30 ಡಿಗ್ರಿ ಇದ್ದು, ಛಾವಣಿ ಅಟ್ಟದ ನೆಲದಿಂದಲೇ ಶುರುವಾಗಿದ್ದರೆ, ನಟ್ಟನಡುವೆ ಎತ್ತರ 7 ಅಡಿಗಿಂತ ಸ್ವಲ್ಪ ಕಡಿಮೆ. ಪಕ್ಕಕ್ಕೆ ಹೋದಂತೆ ಅದು ಇಳಿಯುತ್ತದೆ. 6 ಅಡಿ ಎತ್ತರ ಸಿಗುವುದು ನಡುವಿನ 3 ಅಡಿ ಚಿಲ್ಲರೆ ಅಗಲದ ಪಟ್ಟಿಯಲ್ಲಿ ಮಾತ್ರ. ಉದ್ದ 30 ಅಡಿ. ಅಂದರೆ 720ರಲ್ಲಿ ನೀವು ನೆಟ್ಟಗೆ ನಿಲ್ಲುವ ಜಾಗ ಸುಮಾರು 97 ಚದರಡಿ. ಅದೇ 7 ಲಕ್ಷ 20 ಸಾವಿರವನ್ನು 97ರಿಂದ ಭಾಗಿಸಿ. ಚದರಡಿಗೆ 7400 ದಾಟುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅದೃಷ್ಟಕ್ಕೆ ಗೋಡೆ ಅಟ್ಟದ ನೆಲಕ್ಕೇ ನಿಲ್ಲದೆ ಇನ್ನೂ ಎರಡು ಮೂರು ಅಡಿ ಮೇಲೆ ಹೋಗಿರುವುದುಂಟು. 3 ಅಡಿ ಗೋಡೆ ಸಿಕ್ಕರೆ ನಿಲ್ಲುವ ಜಾಗ ಸುಮಾರು 408 ಚದರಡಿ ಆಗುತ್ತದೆ. ಆಗ ನಿಮ್ಮ ‘ಅರ್ಧ ರೇಟು’ 1765 ರೂಪಾಯಿ. ಹೊಸ ಮನೆಯ ರೇಟಿಗೆ ಹತ್ತಿರವೇ ಬಂತು. ಇನ್ನೂ ಒಂದು ಮೊಳೆ ಹೊಡೆದಿಲ್ಲ ನೋಡಿ. ಅಷ್ಟಾದರೂ ಸರಾಸರಿ ಎತ್ತರ ಆರೂವರೆ ಅಡಿ. ಇಳಿಜಾರು ಛಾವಣಿಯ ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದು ಸರಾಸರಿ 2.75 ಮೀಟರ್, ಅಂದರೆ 9 ಅಡಿ. ನಕಾಶೆಯಲ್ಲಿ ಬೆಡ್‌ರೂಮ್, ಓದುವ ಕೋಣೆ ಅಂತ ಬರೆದರೆ ಪ್ರಶ್ನೆ ಬರುತ್ತದೆ.

ಎತ್ತರ ಮುಗಿಯಿತು. ನೆಲ ಇನ್ನೂ ದೊಡ್ಡ ಕಥೆ.

“ನಮ್ಮ ಅಜ್ಜ ಅಟ್ಟದ ಮ್ಯಾಲ ಜೋಳದ ಚೀಲ ಇಡತಿದ್ರು, ಗಟ್ಟಿ ಐತ್ರಿ” ಅನ್ನುವವರು ಬಹಳ. ಅಜ್ಜ ಬುದ್ಧಿವಂತರು. ಚೀಲಗಳನ್ನು ಗೋಡೆಗುಂಟ ಇಡುತ್ತಿದ್ದರು. ಜಂತಿಯ (ಅಟ್ಟದ ನೆಲ ಹೊರುವ ಅಡ್ಡ ಕಟ್ಟಿಗೆಯ) ತುದಿಯಲ್ಲಿ, ಗೋಡೆಯ ಹತ್ತಿರ ಭಾರ ಬಿದ್ದರೆ ಜಂತಿ ಅಷ್ಟು ಬಾಗುವುದಿಲ್ಲ. ನಡುವೆ ಬಿದ್ದರೆ ಬಾಗುತ್ತದೆ. ನೀವು ಮಂಚ ಹಾಕುವುದು, ಮಕ್ಕಳು ಕುಣಿಯುವುದು, ಹಬ್ಬಕ್ಕೆ ಬಂದ ಹತ್ತು ಜನ ಸೇರಿ ಕೂರುವುದು ಎಲ್ಲವೂ ನಡುವೆಯೇ. ಯಾಕಂದ್ರೆ ಎತ್ತರ ಇರುವುದೇ ಅಲ್ಲಿ!

ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಬಳಕೆಯ ಭಾರ ಹಿಡಿಯಬೇಕು ಅಂತ ಕಟ್ಟಡಗಳ ಭಾರದ ಮಾನದಂಡವಾದ ಭಾರತೀಯ ಮಾನಕ 875 ಹೇಳುತ್ತದೆ. 720 ಚದರಡಿಗೆ ಅದು 13 ಟನ್ ದಾಟುತ್ತದೆ. ಇದರ ಮೇಲೆ ನಿಮಗೆ ಫಳಫಳ ಹೊಳೆಯುವ ಟೈಲ್ಸ್ ಬೇರೆ ಬೇಕು. ಟೈಲ್ಸ್ ಕೆಳಗಿನ ಎರಡು ಇಂಚು ಸಿಮೆಂಟ್ ಗಾರೆಯೇ ಚದರ ಮೀಟರಿಗೆ ನೂರು ಕಿಲೋ. ದಯವಿಟ್ಟು ಅಟ್ಟದ ಮೇಲೆ ಟೈಲ್ಸ್ ಬೇಡ. ಪ್ಲೈವುಡ್ ಅಥವಾ ಸಿಮೆಂಟ್ ಬೋರ್ಡು ಸಾಕು.

ಇರುವ ಜಂತಿ ಸಾಲದಿದ್ದರೆ ಹಳೆಯದರ ಪಕ್ಕಕ್ಕೆ ಹೊಸದನ್ನು ಜೋಡಿಸಬೇಕು, ಇಲ್ಲವೇ ಕಬ್ಬಿಣದ ತೊಲೆ ತೂರಿಸಬೇಕು. ಇಲ್ಲಿ ಒಂದು ಮಾತು ನೆನಪಿಡಿ. ಜಂತಿಯ ಅಗಲ ಎರಡು ಪಟ್ಟಾದರೆ ಅದರ ಬಿಗಿತವೂ (ಬಾಗದೆ ನಿಲ್ಲುವ ಗುಣ) ಎರಡೇ ಪಟ್ಟು. ಎತ್ತರ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಹಾಗಾಗಿ ದುಡ್ಡು ಹಾಕುವುದಿದ್ದರೆ ಎತ್ತರಕ್ಕೆ ಹಾಕಿ. ಸಾಗವಾನಿ ಈಗ ಕೈಗೆಟುಕುವುದಿಲ್ಲ. ಆದರೆ ಬೆಳಗಾವಿಯವರಿಗೆ ಒಂದು ಅನುಕೂಲ ಇದೆ, ಉದ್ಯಮಬಾಗ. ಕಬ್ಬಿಣದ ತೊಲೆ ಕತ್ತರಿಸಿ, ರಂಧ್ರ ಕೊರೆದು, ಅಳತೆಗೆ ತಯಾರು ಮಾಡಿ ಕೊಡುವ ಫ್ಯಾಬ್ರಿಕೇಶನ್ ಶೆಡ್ಡುಗಳು ಅಲ್ಲಿವೆ. ಕಿಲೋ ಲೆಕ್ಕದಲ್ಲಿ ಕೊಟೇಶನ್ ಸಿಗುತ್ತದೆ. ತೂಕ ಗೊತ್ತಿದ್ದರೆ ಮೋಸ ಕಡಿಮೆ.

ಇನ್ನೊಂದು. ಎದುರುಬದುರು ಗೋಡೆಗಳನ್ನು ಹಿಡಿದಿರುವ ಅಡ್ಡ ತೊಲೆ ತಲೆಗೆ ತಾಗುತ್ತದೆ ಅಂತ ಕತ್ತರಿಸಲು ಹೊರಡುವವರಿದ್ದಾರೆ. ಹಂಚಿನ ಭಾರ ಪಕ್ಕಾಸುಗಳ (ಹಂಚು ಹೊರುವ ಇಳಿಜಾರು ಕಟ್ಟಿಗೆಗಳ) ಮೂಲಕ ಗೋಡೆಯನ್ನು ಹೊರಕ್ಕೆ ತಳ್ಳುತ್ತಾ ಇರುತ್ತದೆ. ಆ ಅಡ್ಡ ತೊಲೆ ಎರಡೂ ಕಡೆಯನ್ನು ಒಳಕ್ಕೆ ಎಳೆದು ಹಿಡಿದಿದೆ. ಅದನ್ನು ತೆಗೆದರೆ ಮಣ್ಣಿನ ಗಾರೆಯ ಹಳೇ ಗೋಡೆ ಬಿರುಕು ಬಿಡಲು ಒಂದು ಮಳೆಗಾಲ ಸಾಕು. ಮಂಗಳೂರು ಹಂಚು ಒಂದೊಂದು ಎರಡರಿಂದ ಮೂರು ಕಿಲೋ. ನೂರು ಚದರಡಿಗೆ ಸುಮಾರು 140 ಹಂಚು ಬೇಕು. ನೆನೆದರೆ ಭಾರ ಇನ್ನೂ ಜಾಸ್ತಿ. ಗವಂಡಿ (ಗಾರೆ ಕೆಲಸದವನು) ‘ಏನೂ ಆಗೂದಿಲ್ರಿ’ ಅಂದರೂ ಒಪ್ಪಬೇಡಿ.

ಈಗ ಡಾರ್ಮರ್. ಇಳಿಜಾರಿನ ಛಾವಣಿಯನ್ನು ಒಂದು ಕಡೆ ತೆರೆದು, ನೆಟ್ಟಗೆ ನಿಲ್ಲಿಸಿದ ಕಿಟಕಿ, ಅದಕ್ಕೆ ತನ್ನದೇ ಪುಟ್ಟ ಛಾವಣಿ. ಫೋಟೋದಲ್ಲಿ ಬಹಳ ಚಂದ. ‘ಒಂದು ಕಿಟಕಿ ತಾನೇ’ ಅಂತ ಕಿಟಕಿಯ ರೇಟು ಹಿಡಿಯುತ್ತೀರಿ. ಇದು ಗಾತ್ರದಲ್ಲಿ ಮಾತ್ರ ಪುಟ್ಟದು, ಕೆಲಸದಲ್ಲಿ ಒಂದು ಮನೆಯೇ. ಮುಂದೆ ಒಂದು ಗೋಡೆ, ಪಕ್ಕಕ್ಕೆ ಎರಡು ತ್ರಿಕೋನ ಗೋಡೆ, ಮೇಲೆ ಛಾವಣಿ. ಕತ್ತರಿಸಿದ ಪಕ್ಕಾಸುಗಳ ಭಾರ ಹೊರಲು ಎರಡೂ ಬದಿಗೆ ಜೋಡಿ ಪಕ್ಕಾಸು, ಮೇಲೆ ಕೆಳಗೆ ಅಡ್ಡಪಟ್ಟಿ. ಪುಟ್ಟ ಛಾವಣಿ ದೊಡ್ಡ ಛಾವಣಿಗೆ ಕೂಡುವ ಎರಡು ಮೂಲೆಯಲ್ಲಿ ನೀರು ಹರಿಯಲು ತಗಡು ಮಡಚಿ ಹಾಸಬೇಕು. ಸೋರುವುದು ಅಲ್ಲೇ. ವರ್ಷಕ್ಕೆ 1200 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಆ ತಗಡಿನಲ್ಲಿ ಉಳಿತಾಯ ಮಾಡಬೇಡಿ.

ಲಾಭ ಎಷ್ಟು? 6 ಅಡಿ ಅಗಲದ ಡಾರ್ಮರ್ ಹೊರಗೋಡೆಯವರೆಗೂ ಬಂದರೆ, ಮೇಲಿನ ಲೆಕ್ಕದ 3 ಅಡಿ ಗೋಡೆಯ ಮನೆಯಲ್ಲಿ ನಿಮಗೆ ಹೊಸದಾಗಿ ಸಿಗುವ ನಿಲ್ಲುವ ಜಾಗ 31 ಚದರಡಿ. ಬೆಳಕು, ಗಾಳಿ ಸಿಗುತ್ತವೆ, ಅದು ನಿಜವಾದ ಲಾಭ. ಜಾಗಕ್ಕಾಗಿ ಡಾರ್ಮರ್ ಅಂದರೆ ಲೆಕ್ಕ ಕೂಡುವುದಿಲ್ಲ. ಮೆಟ್ಟಿಲಿನ ಲೆಕ್ಕವನ್ನೂ ಕೇಳಿಬಿಡಿ. ಈಗಿನ ನಿಚ್ಚಣಿಕೆ ರೂಮಿಗೆ ನಡೆಯುವುದಿಲ್ಲ. ಹತ್ತೂವರೆ ಅಡಿ ಎತ್ತರ ಹತ್ತಲು 7 ಇಂಚಿನ 18 ಏರು ಬೇಕು. 10 ಇಂಚಿನ ಹೆಜ್ಜೆ ಹಿಡಿದರೆ ಮೆಟ್ಟಿಲ ಉದ್ದ 14 ಅಡಿ ದಾಟುತ್ತದೆ. 3 ಅಡಿ ಅಗಲಕ್ಕೆ ಕೆಳಗಿನ ಪಡಸಾಲೆಯಿಂದ ಹೋಗುವುದು 42 ಚದರಡಿ. ಡಾರ್ಮರ್ ಕೊಟ್ಟಿದ್ದು 31!

ಹಾಗಾದರೆ ಎಸ್ಟಿಮೇಟ್ ಹೇಗೆ ಮಾಡಿಸಬೇಕು? ಪ್ರತಿ ಕೆಲಸವನ್ನು ಅದರದ್ದೇ ಅಳತೆಯಲ್ಲಿ ಕೇಳಿ. ಹಂಚು ಇಳಿಸಿ ಮತ್ತೆ ಹೊದಿಸುವುದು ಬ್ರಾಸ್ (ನೂರು ಚದರಡಿ) ಲೆಕ್ಕದಲ್ಲಿ, ಕಟ್ಟಿಗೆ ಘನ ಅಡಿಯಲ್ಲಿ, ಕಬ್ಬಿಣ ಕಿಲೋದಲ್ಲಿ, ಡಾರ್ಮರ್ ಒಂದಕ್ಕೆ ಇಷ್ಟು ಅಂತ, ಮೆಟ್ಟಿಲು ಬೇರೆ, ವೈರಿಂಗ್ ಬೇರೆ. 30 ಡಿಗ್ರಿ ಇಳಿಜಾರಿನಲ್ಲಿ ಛಾವಣಿಯ ಮೈ ಅಳತೆ ನೆಲದ ಅಳತೆಗಿಂತ ಶೇಕಡ 15ರಷ್ಟು ಜಾಸ್ತಿ ಬರುತ್ತದೆ, ಸೂರಿನ ಚಾಚು ಬಿಟ್ಟು. ಅದು ಗುತ್ತಿಗೆದಾರನ ಮೋಸವಲ್ಲ, ಜಗಳ ತೆಗೆಯಬೇಡಿ. ಒಡೆಯುವ ಹಂಚಿಗೂ ದುಡ್ಡು ಇಡಿ. ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಹಿಂಬದಿಯ ಮುದ್ರೆ ನೋಡಿ, ಕೆಡವಿದ ಹಳೆ ಮನೆಗಳಿಂದ ಅದೇ ಹಂಚು ಹುಡುಕಿ. ಒಟ್ಟು ಮೊತ್ತದ ಮೇಲೆ ಶೇಕಡ 20 ಎತ್ತಿಡಿ. ಹಂಚು ತೆಗೆದ ಮೇಲೆಯೇ ಗೆದ್ದಲು ಕಾಣುವುದು. ನಿಮ್ಮ ಕೈಯಲ್ಲಿರುವ ಕೊಟೇಶನ್ ಹಳೆಯದಾದರೆ ಇನ್ನೊಮ್ಮೆ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ.

ಅನುಮತಿ ಬೇಕು. ಕ್ಯಾಂಪಿನವರಿಗೆ ಕ್ಯಾಂಟೋನ್ಮೆಂಟ್ ಬೋರ್ಡು, ಶಹಾಪುರ, ಟಿಳಕವಾಡಿಯವರಿಗೆ ಮಹಾನಗರ ಪಾಲಿಕೆ. ಛಾವಣಿಯ ಆಕಾರ ಬದಲಾಗುತ್ತದೆ, ‘ಬರೀ ರಿಪೇರಿ’ ಅಂದರೆ ನಡೆಯಲ್ಲ.

ಕೆಲಸ ದೀಪಾವಳಿ ಮುಗಿದ ಮೇಲೆ ಶುರುಮಾಡಿ. ಏಪ್ರಿಲ್‌ ಹೊತ್ತಿಗೆ ಹಂಚು ಮತ್ತೆ ಹೊದಿಸಿರಬೇಕು, ಬೇಸಿಗೆಯ ಗುಡುಗು ಮಳೆ ಹೇಳಿ ಕೇಳಿ ಬರುವುದಿಲ್ಲ. ಡಾರ್ಮರನ್ನು ಪೂರ್ವಕ್ಕೋ ಉತ್ತರಕ್ಕೋ ಇಡಿ. ನಮ್ಮ ಮಳೆ ಪಶ್ಚಿಮದಿಂದ, ನೈಋತ್ಯದಿಂದ ಹೊಡೆಯುತ್ತದೆ. ವಾಸ್ತು ನೋಡುವವರೂ ಬಹುಶಃ ಇದಕ್ಕೆ ತಕರಾರು ಮಾಡುವುದಿಲ್ಲ.

ವಿಜಯಪುರ, ಬಾಗಲಕೋಟೆ ಕಡೆಯವರು ಇದನ್ನು ಓದಿ ‘ನಮ್ಮ ಮಣ್ಣಿನ ಮಾಳಿಗೆಗೆ?’ ಅಂತ ಕೇಳೇ ಕೇಳುತ್ತೀರಿ. ಮಟ್ಟಸ ಮಾಳಿಗೆಗೆ ಡಾರ್ಮರ್ ಪ್ರಶ್ನೆಯೇ ಇಲ್ಲ. ಆದರೆ ಅಲ್ಲಿ ಬೇರೆ ಮಜಾ ಇದೆ. ಒಂದು ಅಡಿ ದಪ್ಪದ ಮೇಲ್ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್. ಅದನ್ನು ಇಳಿಸಿ ಮೇಲೆ ಹಗುರವಾದ ತಗಡಿನ ರೂಮು ಕಟ್ಟಿದರೆ, ಕಾಗದದ ಮೇಲೆ ಜಂತಿಗಳಿಗೆ ಭಾರ ಕಡಿಮೆಯೇ ಆಗುತ್ತದೆ. ಎರಡು ತೊಡಕು ಇವೆ. ಮೇಲ್ಮಣ್ಣು ಹೋದರೆ ಬಿಸಿಲು ತಡೆಯುವುದೂ ಹೋಯಿತು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕೂರಲು ಆಗುವುದಿಲ್ಲ. ಎರಡನೆಯದು ಗಾಳಿ. ಇಷ್ಟು ವರ್ಷ ಮಾಳಿಗೆಯನ್ನು ಅದುಮಿ ಹಿಡಿದದ್ದು ಆ ಮಣ್ಣಿನ ತೂಕ. ತಗಡಿನ ರೂಮನ್ನು ಗೋಡೆಗೆ ಬಿಗಿಯಾಗಿ ಕಟ್ಟಿ ಹಿಡಿಯದಿದ್ದರೆ ಬಿರುಗಾಳಿಗೆ ಎದ್ದು ಹೋಗುತ್ತದೆ. ಆ ಎಳೆತ ತಡೆದುಕೊಳ್ಳುವ ಶಕ್ತಿ ಮಣ್ಣಿನ ಗಾರೆಯ ಗೋಡೆಗೆ ಇರಬೇಕಲ್ಲ? ಗೋಡೆಯೊಳಗೆ ಹೂತ ಜಂತಿಯ ತುದಿಗಳನ್ನು ನಾಲ್ಕು ಮೂಲೆಯಲ್ಲಿ ಬಿಚ್ಚಿಸಿ, ಉಳಿಯಿಂದ ಚುಚ್ಚಿ ನೋಡಿ. ಉಳಿ ಸಲೀಸಾಗಿ ಒಳಗೆ ಹೋದರೆ ಕಟ್ಟಿಗೆ ಹಾಳಾಗಿದೆ ಅಂತ ಅರ್ಥ, ಎಸ್ಟಿಮೇಟ್ ಕೇಳುವ ಅಗತ್ಯವೇ ಇಲ್ಲ. ಬರೀ ಬೆಳಕು ಸಾಕು ಅನ್ನುವುದಾದರೆ ಇರುವ ಬೆಳಕಿಂಡಿಯ ಸುತ್ತ ಕಟ್ಟೆ ಏರಿಸಿ, ಮೇಲೆ ದಪ್ಪ ಗಾಜು ಕೂಡಿಸಿ. ಒಬ್ಬ ಗವಂಡಿ, ಒಂದೆರಡು ದಿನದ ಕೆಲಸ.